ಯಾರ ಬಾಟಲಿ, ಯಾರ ಕೈ

ಡೇ ಕೇರಿನ ಫ್ರಿಜ್ಜಿನ ಒಂದೇ ಅಂಕಣದಲ್ಲಿ ನಾಲ್ಕು ಬಾಟಲಿ. ನಾಲ್ಕಕ್ಕೂ ನೀಲಿ ಮುಚ್ಚಳ, ನಾಲ್ಕರಲ್ಲೂ ಹೆಚ್ಚುಕಡಿಮೆ ಅಷ್ಟಷ್ಟೇ ಹಾಲು. ಮೂರರ ಮೇಲೆ ಹೆಸರು ಕಾಣುತ್ತದೆ. ನಾಲ್ಕನೆಯದರ ಮೇಲೆ ಪೆನ್ನಿನಲ್ಲಿ ಬರೆದದ್ದು ಬೆವರಿದ ಬಾಟಲಿಯ ತೇವಕ್ಕೆ ಕರಗಿ ಬರೀ ಕಲೆಯಾಗಿದೆ. ಪಕ್ಕದ ಕೋಣೆಯಲ್ಲಿ 5 ತಿಂಗಳ ಕೂಸೊಂದು ಹಸಿದು ಮುಖ ಕೆಂಪಗೆ ಮಾಡಿಕೊಂಡು ಅಳುತ್ತಿದೆ, ಇನ್ನೊಂದರ ಡೈಪರ್ ಅರ್ಧ ಬಿಚ್ಚಿಟ್ಟಿದೆ. "ಉಳಿದ ಮೂರೂ ಬೇರೆಯವರದ್ದು, ಅಂದಮೇಲೆ ಇದು ಇವನದ್ದೇ" ಎಂದು ಕೈ ತಾನಾಗಿ ಮುಂದೆ ಹೋಗುತ್ತದೆ. ಬಹಳ ಸಲ ಆ ಲೆಕ್ಕ ಸರಿಯೇ ಇರುತ್ತದೆ. ತಪ್ಪುವುದು, ಐದನೆಯ ಬಾಟಲಿಯನ್ನು ಯಾರೋ ಆಗಲೇ ಹೊರಗೆ ತೆಗೆದಿಟ್ಟಿರುವ ದಿನ.

ಮನೆಯಲ್ಲಿ ಹಾಲು ಬೆರೆಸಿದವರೇ ಕುಡಿಸುತ್ತಾರೆ. ಎಷ್ಟು ಹೊತ್ತಿಗೆ ಬೆರೆಸಿದ್ದು, ಮಗು ಬೆಳಗ್ಗೆ ಎಷ್ಟು ಕುಡಿದಿತ್ತು, ನಿನ್ನೆ ಯಾವ ತಿಂಡಿಗೆ ಮುಖದ ಮೇಲೆ ಗಂದೆ ಎದ್ದಿತ್ತು ಎಂಬುದೆಲ್ಲ ಒಂದೇ ತಲೆಯಲ್ಲಿರುತ್ತದೆ. ಡೇ ಕೇರಿನಲ್ಲಿ ಹಾಗಲ್ಲ. ತಿಳಿದವರು ಒಬ್ಬರು, ಕುಡಿಸುವ ಕೈ ಇನ್ನೊಬ್ಬರದು, ಮಧ್ಯಾಹ್ನ ಪಾಳಿ ಬದಲಾದರೆ ಮೂರನೆಯವರದು. ಅಲ್ಲಿ ಆಗುವ ಅನಾಹುತಗಳಲ್ಲಿ ಹೆಚ್ಚಿನವು ಗೊತ್ತಿಲ್ಲದೆ ಆಗುವಂಥವಲ್ಲ. ಒಬ್ಬರಿಗೆ ಗೊತ್ತಿದ್ದದ್ದು ಇನ್ನೊಬ್ಬರಿಗೆ ದಾಟದೆ ಆಗುವಂಥವು. ಶಿಶುಪಾಲನಾ ಕೇಂದ್ರದಲ್ಲಿ ಊಟ-ಹಾಲಿನ ಸುರಕ್ಷತೆ ಎಂದರೆ ಮುಖ್ಯವಾಗಿ ಈ ದಾಟಿಸುವ ಕೆಲಸ ಎಂದೇ ನನ್ನ ಲೆಕ್ಕ.

ಅದಕ್ಕೇ ಲೇಬಲ್ಲಿನಿಂದ ಶುರು. ಮಗುವಿನ ಪೂರ್ತಿ ಹೆಸರು ಬೇಕು, ಒಂದೇ ಹೆಸರಿನ ಇಬ್ಬರು ಮಕ್ಕಳು ಯಾವ ಕೇಂದ್ರದಲ್ಲೂ ಇದ್ದೇ ಇರುತ್ತಾರೆ. ಒಳಗಿರುವುದು ಎದೆಹಾಲೋ ಫಾರ್ಮುಲಾವೋ (ಎದೆಹಾಲಿನ ಬದಲು ಕೊಡುವ ಡಬ್ಬಿಹಾಲು), ಎದೆಹಾಲಾದರೆ ಹಿಂಡಿದ ದಿನಾಂಕ, ಫಾರ್ಮುಲಾ ಆದರೆ ಬೆರೆಸಿದ ದಿನ ಮತ್ತು ಗಂಟೆ. ನೀರಿಗೆ ಅಳಿಸದ ಶಾಯಿ. ಬಾಟಲಿ ಒಣಗಿದ್ದಾಗಲೇ, ತಣ್ಣಗಾಗುವ ಮೊದಲೇ ಅಂಟಿಸಬೇಕು. ಬೆವರಿದ ಗಾಜಿನ ಮೇಲೆ ಅಂಟಿಸಿದ್ದು ಸಂಜೆಯೊಳಗೆ ಫ್ರಿಜ್ಜಿನ ತಳದಲ್ಲಿ ಬಿದ್ದಿರುತ್ತದೆ. ಇನ್ನೊಂದು ಸಣ್ಣ ಸಂಗತಿ: ಹೆಸರು ಮುಚ್ಚಳದ ಮೇಲಲ್ಲ, ಬಾಟಲಿಯ ಮೈಮೇಲೆ ಇರಬೇಕು. ತೊಳೆಯುವಾಗ ಮುಚ್ಚಳಗಳೆಲ್ಲ ಒಂದೇ ಬುಟ್ಟಿಗೆ ಬೀಳುತ್ತವೆ, ತಿರುಗಿ ಹಾಕುವಾಗ ಯಾವುದರ ಮುಚ್ಚಳ ಯಾವುದಕ್ಕೋ. ಇನ್ನು ಕುಡಿಸುವ ಮುನ್ನ ಹೆಸರನ್ನು ಗಟ್ಟಿಯಾಗಿ ಓದಿ ಮಗುವಿನ ಮುಖ ನೋಡುವುದು. ಮನಸ್ಸಿನಲ್ಲೇ ಓದಿಕೊಂಡರೆ ಕಣ್ಣು ತಾನು ನೋಡಬೇಕೆಂದುಕೊಂಡದ್ದನ್ನೇ ನೋಡುತ್ತದೆ. ಬಾಯಿಬಿಟ್ಟು ಓದಿದರೆ ಪಕ್ಕದಲ್ಲಿದ್ದವರ ಕಿವಿಯೂ ಕಾಯುತ್ತದೆ.

ಇಷ್ಟಾದರೂ ಒಬ್ಬರ ಎದೆಹಾಲು ಇನ್ನೊಬ್ಬರ ಮಗುವಿಗೆ ಹೋಯಿತೆನ್ನಿ. ತಿಳಿದ ಕ್ಷಣ ನಿಲ್ಲಿಸಬೇಕು, ಎಷ್ಟು ಕುಡಿಯಿತು ಎಂದು ಗುರುತು ಮಾಡಿಕೊಳ್ಳಬೇಕು, ಎರಡೂ ಮನೆಯವರಿಗೆ ಅದೇ ಹೊತ್ತಿನಲ್ಲಿ ತಿಳಿಸಬೇಕು. ಎದೆಹಾಲು ದೇಹದ ದ್ರವ, ಹಾಗಾಗಿ ಇದನ್ನು ಬೇರೆ ದೇಹದ್ರವ ತಾಗಿದ ಪ್ರಕರಣದ ಹಾಗೆಯೇ ಗಂಭೀರವಾಗಿ ನೋಡುತ್ತಾರೆ: ಹಾಲು ಕೊಟ್ಟ ತಾಯಿಗೆ ಸೋಂಕು ಇದೆಯೇ, ಔಷಧ ತೆಗೆದುಕೊಳ್ಳುತ್ತಿದ್ದಾರೆಯೇ, ಹಾಲನ್ನು ಹೇಗೆ ಕಾಪಿಟ್ಟಿದ್ದರು ಎಂದು ಕೇಳಿ, ಮಗುವಿನ ವೈದ್ಯರಿಗೆ ತಿಳಿಸುವುದು. ಒಂದು ಸಲ ಕುಡಿದದ್ದರಿಂದ ಸೋಂಕು ತಗಲುವ ಸಾಧ್ಯತೆ ತೀರಾ ಕಡಿಮೆ. ಮುಚ್ಚಿಟ್ಟರೆ ಮಾತ್ರ ಆಮೇಲೆ ಆ ಕೇಂದ್ರದ ಯಾವ ಮಾತನ್ನೂ ಯಾರೂ ನಂಬುವುದಿಲ್ಲ.

ಎದೆಹಾಲಿಗೆ ಮೂರು ಗಡಿಯಾರಗಳಿವೆ, ಗೊಂದಲ ಆಗುವುದೂ ಇಲ್ಲೇ. ಆಗತಾನೆ ಹಿಂಡಿದ ಹಾಲು 25 ಡಿಗ್ರಿ ಸೆಲ್ಸಿಯಸ್ ಮೀರದ ಕೋಣೆಯಲ್ಲಿ 4 ಗಂಟೆ, 4 ಡಿಗ್ರಿಯ ಫ್ರಿಜ್ಜಿನಲ್ಲಿ 4 ದಿನ, ಫ್ರೀಜರಿನಲ್ಲಿ 6 ತಿಂಗಳವರೆಗೆ ಚೆನ್ನ, 12 ತಿಂಗಳವರೆಗೆ ಅಡ್ಡಿಯಿಲ್ಲ. ಹೆಪ್ಪುಗಟ್ಟಿದ್ದನ್ನು ಕರಗಿಸಿದರೆ ಎರಡನೆಯ ಗಡಿಯಾರ ಓಡತೊಡಗುತ್ತದೆ: ಫ್ರಿಜ್ಜಿನಲ್ಲೇ ಇದ್ದರೂ 24 ಗಂಟೆ. ಅದನ್ನು ಎಣಿಸಬೇಕಾದ್ದು ಫ್ರೀಜರಿನಿಂದ ತೆಗೆದ ಹೊತ್ತಿನಿಂದಲ್ಲ, ಕೊನೆಯ ಮಂಜಿನ ಹರಳು ಕರಗಿದ ಹೊತ್ತಿನಿಂದ. ಫ್ರಿಜ್ಜಿನಿಂದಲೋ ಫ್ರೀಜರಿನಿಂದಲೋ ತೆಗೆದ ಹಾಲು ಕೋಣೆಯ ಶಾಖಕ್ಕೆ ಬಂದ ಮೇಲೆ ಅಥವಾ ಬೆಚ್ಚಗೆ ಮಾಡಿದ ಮೇಲೆ ಮೂರನೆಯದು, 2 ಗಂಟೆ. ಮಗು ಬಾಯಿಟ್ಟು ಉಳಿಸಿದ ಹಾಲಿಗೂ ಕುಡಿದು ಮುಗಿಸಿದ ಮೇಲೆ 2 ಗಂಟೆಯೇ. ಜೊಲ್ಲಿನೊಂದಿಗೆ ಬ್ಯಾಕ್ಟೀರಿಯಾ ಒಳಗೆ ಹೋಗಿರುತ್ತದೆ. ಕರಗಿದ್ದನ್ನು ಮತ್ತೆ ಫ್ರೀಜ್ ಮಾಡುವ ಹಾಗಿಲ್ಲ. ತಂದ ಹಾಲನ್ನು ಚೆಲ್ಲಬೇಕಾಗುವುದು ತಾಯಿಗೆ ಎಂಥ ಸಂಕಟ ಎಂಬುದು ಹಾಲು ಹಿಂಡಿದವರಿಗೇ ಗೊತ್ತು, ಆದ್ದರಿಂದ 60ರಿಂದ 120 ಮಿ.ಲೀ. ಅಳತೆಯ ಸಣ್ಣ ಸಣ್ಣ ಬಾಟಲಿಗಳಲ್ಲಿ ತರಲು ಮೊದಲ ದಿನವೇ ಹೇಳಿಬಿಡುವುದು ಲೇಸು. ಹೆಚ್ಚು ಬೇಕಾದರೆ ಇನ್ನೊಂದು ತೆರೆದರಾಯಿತು.

ಚೆಲ್ಲಬಾರದ ಹಾಲನ್ನು ಚೆಲ್ಲುವುದೂ ನಡೆಯುತ್ತದೆ. ಇಟ್ಟ ಎದೆಹಾಲು ಮೇಲೆ ಕೆನೆ, ಕೆಳಗೆ ನೀಲಿ ಛಾಯೆಯ ತೆಳು ನೀರಿನಂತೆ ಒಡೆದು ನಿಲ್ಲುತ್ತದೆ, ಕೆಟ್ಟದ್ದಲ್ಲ. ಬಾಟಲಿಯನ್ನು ಮೆಲ್ಲಗೆ ಸುತ್ತಿಸಿದರೆ ಕೂಡಿಕೊಳ್ಳುತ್ತದೆ. ಕರಗಿಸಿದ ಹಾಲು ಕೆಲವು ತಾಯಂದಿರದ್ದು ಸಾಬೂನಿನ ವಾಸನೆ ಬರುತ್ತದೆ. ಹಾಲಿನಲ್ಲೇ ಇರುವ ಲೈಪೇಸ್ ಎಂಬ ಕಿಣ್ವ ಕೊಬ್ಬನ್ನು ಒಡೆದದ್ದರ ಫಲ ಅದು, ಕುಡಿಸಬಹುದು. ಹುಳಿ ನಾತವೇ ಬೇರೆ, ಮೂಗಿಗೆ ತಕ್ಷಣ ಗೊತ್ತಾಗುತ್ತದೆ.

ಬೆಚ್ಚಗೆ ಮಾಡಲೇಬೇಕೆಂಬ ನಿಯಮವೇನೂ ಇಲ್ಲ, ತಣ್ಣಗಿನ ಹಾಲನ್ನೇ ಕುಡಿಯುವ ಕೂಸುಗಳಿವೆ. ಮಾಡುವುದಾದರೆ 49 ಡಿಗ್ರಿ ಮೀರದ ನೀರಿನ ಪಾತ್ರೆಯಲ್ಲಿ 5 ನಿಮಿಷ, ಇಲ್ಲವೇ ಹರಿಯುವ ಬೆಚ್ಚಗಿನ ನಲ್ಲಿಯ ಕೆಳಗೆ. ಮೈಕ್ರೋವೇವ್ ಮಾತ್ರ ಬೇಡವೇ ಬೇಡ. ಅದು ಹಾಲನ್ನು ಎಲ್ಲ ಕಡೆ ಒಂದೇ ಸಮನಾಗಿ ಕಾಯಿಸುವುದಿಲ್ಲ. ಬಾಟಲಿ ಮುಟ್ಟಿದರೆ ಉಗುರುಬೆಚ್ಚಗಿರುತ್ತದೆ, ನಡುವೆ ಎಲ್ಲೋ ಒಂದು ಪದರ ನಾಲಿಗೆ ಸುಡುವಷ್ಟು ಕಾದಿರುತ್ತದೆ. ಮಣಿಕಟ್ಟಿನ ಮೇಲೆ ಹನಿಸಿ ನೋಡಿದಾಗ ಬರುವುದು ಆ ಪದರವೇ ಎಂದು ಹೇಳಲಾಗದು. ಬಿಸಿನೀರಿನ ಪಾತ್ರೆಯಿಂದ ಬಾಟಲಿ ತೆಗೆಯುವಾಗ ಕಂಕುಳಲ್ಲಿ ಮಗು ಇರಬಾರದು, ಬಾಟಲಿ ಬಿಸಿಮಾಡುವ ವಾರ್ಮರಿನ ವೈರು ಮೇಜಿನ ಅಂಚಿನಿಂದ ಇಳಿಬಿದ್ದಿರಬಾರದು. ತೆವಳುವ ಮಗುವಿಗೆ ಇಳಿಬಿದ್ದದ್ದೆಲ್ಲ ಎಳೆಯಲೆಂದೇ ಇರುವುದು.

ಪುಡಿಯ ಫಾರ್ಮುಲಾ ಬಗ್ಗೆ ಒಂದು ತಪ್ಪು ಕಲ್ಪನೆ ಗಟ್ಟಿಯಾಗಿದೆ: ಸೀಲಾದ ಡಬ್ಬಿ, ಅಂದಮೇಲೆ ಕ್ರಿಮಿಯಿಲ್ಲದ್ದು ಎಂದು. ಪುಡಿ ಕ್ರಿಮಿಮುಕ್ತವಲ್ಲ. ಕ್ರೋನೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಒಣ ಪುಡಿಯಲ್ಲೂ ಬದುಕಿರಬಲ್ಲದು. ಸೋಂಕು ಅಪರೂಪ, ಆದರೆ 2 ತಿಂಗಳೊಳಗಿನ ಮಕ್ಕಳಿಗೆ, ಅವಧಿಗೆ ಮುನ್ನ ಹುಟ್ಟಿದವರಿಗೆ ಮಿದುಳುಪೊರೆಯ ಉರಿಯೂತದವರೆಗೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೊರತಂದ ಮಾರ್ಗಸೂಚಿ ಹೇಳುವುದು ಇದಕ್ಕೇ: ನೀರನ್ನು ಕುದಿಸಿ, ಅರ್ಧ ಗಂಟೆಗಿಂತ ಹೆಚ್ಚು ಆರಲು ಬಿಡದೆ, 70 ಡಿಗ್ರಿಗಿಂತ ಕಡಿಮೆಯಾಗದಿದ್ದಾಗ ಪುಡಿ ಬೆರೆಸಿ, ಆಮೇಲೆ ತಣ್ಣೀರಿನಲ್ಲಿ ಬಾಟಲಿ ಇಟ್ಟು ಬೇಗ ಆರಿಸಿ. ಕ್ರಿಮಿಯನ್ನು ಕೊಲ್ಲುವುದು ಆ 70 ಡಿಗ್ರಿ. ಬೆರೆಸಿದ ಹಾಲು ಹೊರಗಿದ್ದರೆ 2 ಗಂಟೆ, ಬೆರೆಸಿದ ಕೂಡಲೇ ಫ್ರಿಜ್ಜಿಗೆ ಹೋದರೆ 24 ಗಂಟೆ, ಮಗು ಕುಡಿಯತೊಡಗಿದ ಮೇಲೆ 1 ಗಂಟೆ. ಉಳಿದದ್ದು ಚರಂಡಿಗೆ.

ಅಳತೆಯಲ್ಲಿ ಆಗುವ ಎಡವಟ್ಟು ಡೇ ಕೇರಿಗೇ ವಿಶೇಷ. ಪ್ರತಿ ಡಬ್ಬಿಯೊಳಗೆ ಅದರದ್ದೇ ಅಳತೆ ಚಮಚ ಇರುತ್ತದೆ. ಒಂದು ಬಗೆಯ ಪುಡಿಗೆ ಚಮಚವೊಂದಕ್ಕೆ 30 ಮಿ.ಲೀ. ನೀರಾದರೆ ಇನ್ನೊಂದಕ್ಕೆ 60. ನಾಲ್ಕು ಡಬ್ಬಿಗಳ ಚಮಚಗಳನ್ನು ಒಟ್ಟಿಗೆ ತೊಳೆದು ಒಣಗಿಸಿ ತಿರುಗಿ ಹಾಕುವಾಗ ಅದಲುಬದಲಾದರೆ ಒಂದು ಮಗುವಿಗೆ ನೀರುನೀರು, ಇನ್ನೊಂದಕ್ಕೆ ಇಮ್ಮಡಿ ಗಟ್ಟಿ ಹಾಲು ದಿನಗಟ್ಟಲೆ ಹೋಗುತ್ತದೆ, ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ತೆಳುವಾದರೆ ರಕ್ತದಲ್ಲಿ ಸೋಡಿಯಂ ಇಳಿದು ಫಿಟ್ಸ್ ಬರಬಹುದು. ಗಟ್ಟಿಯಾದರೆ ಮೂತ್ರಪಿಂಡಕ್ಕೆ ಭಾರ, ಮೈಯ ನೀರು ಬತ್ತುತ್ತದೆ. ಹಾಗಾಗಿ ಚಮಚದ ಹಿಡಿಯ ಮೇಲೂ ಮಗುವಿನ ಹೆಸರು ಬರೆಯಿರಿ. ಮೊದಲು ನೀರನ್ನು ಅಳೆದು ಹಾಕಿ, ಆಮೇಲೆ ಪುಡಿ. ಪುಡಿಯ ಮೇಲೆ ನೀರು ಸುರಿದು ಗೆರೆ ನೋಡಿದರೆ ನೀರು ಕಡಿಮೆ ಬಿದ್ದಿರುತ್ತದೆ. ಚಮಚವನ್ನು ಒತ್ತಿ ತುಂಬದೆ, ಚಾಕುವಿನ ಬೆನ್ನಿನಿಂದ ಸಮ ಮಾಡಿ. ತೆರೆದ ಡಬ್ಬಿಯ ಮೇಲೆ ದಿನಾಂಕ ಬರೆದಿಟ್ಟು ಒಂದು ತಿಂಗಳೊಳಗೆ ಮುಗಿಸಿ. ಬಾಟಲಿಗೆ ಧಾನ್ಯದ ಹಿಟ್ಟು ಬೆರೆಸುವುದು, ಔಷಧ ಸೇರಿಸುವುದು ಎರಡೂ ಬೇಡ. ಹಿಟ್ಟು ಉಸಿರಿಗೆ ಅಡ್ಡ ಬರುತ್ತದೆ. ಔಷಧ ಸೇರಿಸಿದ ಹಾಲನ್ನು ಮಗು ಅರ್ಧ ಬಿಟ್ಟರೆ ಎಷ್ಟು ಒಳಗೆ ಹೋಯಿತೆಂದು ಹೇಳುವವರಿಲ್ಲ.

ಹಾಲು ಸಿದ್ಧವಾಯಿತು. ಇಲ್ಲಿಂದ ಮುಂದಿನದು ಕುಡಿಸುವ ವಿದ್ಯೆ. ಬಾಟಲಿಯಲ್ಲಿ ಇಷ್ಟು ಇದೆ, ಆದ್ದರಿಂದ ಇಷ್ಟನ್ನೂ ಮುಗಿಸಬೇಕು ಎಂಬ ಹಟ ಯಾಕೆ ಬರುತ್ತದೆಂದು ಗೊತ್ತು: ಸಂಜೆ ಬಂದ ತಂದೆತಾಯಿಗೆ ಖಾಲಿ ಬಾಟಲಿ ತೋರಿಸಿದರೆ ಮಗುವನ್ನು ಚೆನ್ನಾಗಿ ನೋಡಿಕೊಂಡ ಹಾಗೆ ಕಾಣುತ್ತದೆ. ಆದರೆ ಎಷ್ಟು ಸಾಕು ಎಂಬುದು ಮಗುವಿನ ಹೊಟ್ಟೆಗೆ ಗೊತ್ತು. ತಲೆ ಆಚೀಚೆ ತಿರುಗಿಸಿ ಬಾಯಿ ಹುಡುಕುವುದು, ಮುಷ್ಟಿ ಬಾಯಿಗಿಡುವುದು, ತುಟಿ ಚಪ್ಪರಿಸುವುದು ಹಸಿವಿನ ಮೊದಲ ಕುರುಹು. ಅಳು ಬರುವುದು ಕೊನೆಗೆ. ಅಳುವವರೆಗೂ ಕಾದರೆ ಗಾಳಿ ನುಂಗುತ್ತದೆ, ನಿಪ್ಪಲ್ಲು ಹಿಡಿಯಲಾರದೆ ಒದ್ದಾಡುತ್ತದೆ. ಸಾಕಾದಾಗ ಬಿಗಿಹಿಡಿದ ಮುಷ್ಟಿ ಸಡಿಲವಾಗುತ್ತದೆ, ಹೀರುವುದು ನಿಧಾನವಾಗುತ್ತದೆ, ತುಟಿ ಮುಚ್ಚುತ್ತದೆ, ಮುಖ ಆಚೆ ತಿರುಗುತ್ತದೆ. 30 ಮಿ.ಲೀ. ಉಳಿದಿದ್ದರೂ ಅಲ್ಲಿಗೆ ಮುಗಿಯಿತು.

ಬಾಟಲಿ ಹಿಡಿಯುವ ಬಗೆಯಲ್ಲೇ ಅರ್ಧ ವಿದ್ಯೆ ಇದೆ. ಮಗುವನ್ನು ಅಂಗಾತ ಮಲಗಿಸಿ ಬಾಟಲಿಯನ್ನು ನೆಟ್ಟಗೆ ತಲೆಕೆಳಗು ಮಾಡಿದರೆ ಮಗು ಹೀರದಿದ್ದರೂ ಹಾಲು ಸುರಿಯುತ್ತದೆ. ಅದು ಹಸಿವಿಗಾಗಿ ನುಂಗುತ್ತಿಲ್ಲ, ಉಸಿರಾಡಲು ದಾರಿ ಬೇಕೆಂದು ನುಂಗುತ್ತಿದೆ. ಮೊಣಕೈ ಮಡಿಲಲ್ಲಿ ತಲೆ, ತಲೆ ಹೊಟ್ಟೆಗಿಂತ ಮೇಲೆ, ಅರ್ಧ ಕೂತ ಭಂಗಿ. ನಿಪ್ಪಲ್ಲನ್ನು ತುಟಿಗೆ ತಾಗಿಸಿ ಮಗು ತಾನೇ ಬಾಯಿ ತೆರೆಯುವವರೆಗೆ ಕಾಯಿರಿ. ಬಾಟಲಿ ಹೆಚ್ಚುಕಡಿಮೆ ನೆಲಕ್ಕೆ ಸಮಾಂತರ. 20-30 ಸೆಕೆಂಡು ಹೀರಿದ ಮೇಲೆ ಬಾಟಲಿಯ ತಳ ಇಳಿಸಿದರೆ ನಿಪ್ಪಲ್ಲು ಬಾಯಲ್ಲೇ ಇದ್ದು ಹಾಲು ನಿಲ್ಲುತ್ತದೆ, ಮಗು ಎರಡು ಉಸಿರು ತೆಗೆದುಕೊಳ್ಳುತ್ತದೆ. ಮತ್ತೆ ಹೀರಲು ಶುರುಮಾಡಿದರೆ ಮತ್ತೆ ಎತ್ತಿ. ಹೀಗೆ 15-20 ನಿಮಿಷ ಹಿಡಿಯುತ್ತದೆ, ಹಿಡಿಯಲಿ. ಕಣ್ಣಗಲ ಮಾಡಿಕೊಂಡು, ಬೆರಳುಗಳನ್ನು ಬೀಸಣಿಗೆಯಂತೆ ಬಿಡಿಸಿ, ಗಟಗಟ ಸದ್ದು ಮಾಡುತ್ತ, ಬಾಯಂಚಿನಲ್ಲಿ ಹಾಲು ಸೋರಿಸುತ್ತಿದ್ದರೆ ಹರಿವು ಜೋರಾಯಿತೆಂದು ಅರ್ಥ. ತೂತು ಸಣ್ಣದಿರುವ ನಿಪ್ಪಲ್ಲು ಹಾಕಿ.

ದಿಂಬಿಗೆ ಒರಗಿಸಿ ಬಾಟಲಿ ನಿಲ್ಲಿಸಿ ಹೋಗುವ ಚಾಳಿಯನ್ನು ಮಾತ್ರ ಒಪ್ಪಲಾಗದು. ಆಚೆ ತಿರುಗಲು, ತಳ್ಳಲು, ನಿಲ್ಲಿಸೆಂದು ಹೇಳಲು ಆ ಕೂಸಿಗೆ ದಾರಿಯೇ ಇಲ್ಲ. ಉಸಿರಿಗೆ ಹಾಲು ಹೋಗಬಹುದು, ಎಳೆಯ ಕಿವಿಯ ನಾಳ ಗಿಡ್ಡ ಮತ್ತು ಅಡ್ಡವಾಗಿರುವುದರಿಂದ ಹಾಲು ಅತ್ತ ಸರಿದು ಕಿವಿ ಸೋಂಕಾಗಬಹುದು, ಹಲ್ಲಿನ ಸುತ್ತ ನಿಂತ ಹಾಲು ಹಲ್ಲನ್ನು ಕೊರೆಯಬಹುದು. ತೊಟ್ಟಿಲಲ್ಲಿ ಬಾಟಲಿಯೊಂದಿಗೆ ಮಲಗಿಸುವುದಕ್ಕೂ ಇದೇ ಮಾತು. ಒಬ್ಬರು ಒಂದು ಹೊತ್ತಿಗೆ ಒಂದೇ ಹಾಲುಗೂಸಿಗೆ ಕುಡಿಸಬಹುದು. ಕುರ್ಚಿಯಲ್ಲಿ ಕೂತು ಅರ್ಧ ತಾನೇ ತಿನ್ನುವ ಮಕ್ಕಳಾದರೆ ಮೂವರವರೆಗೆ. ಮೂರು ಕೂಸುಗಳು ಒಟ್ಟಿಗೆ ಹಸಿದು ಅಳುವಲ್ಲಿ ಒಬ್ಬರೇ ಇದ್ದರೆ ತಪ್ಪು ಆ ಒಬ್ಬರದ್ದಲ್ಲ, ಪಾಳಿ ಹಾಕಿದವರದ್ದು.

ತೊಳೆಯುವ ವಿಷಯ ಚಿಕ್ಕದು. ನಿಪ್ಪಲ್ಲು, ಉಂಗುರ, ಒಳಗಿನ ಕವಾಟ ಎಲ್ಲ ಬಿಚ್ಚಿ, ಬಾಟಲಿಗೆಂದೇ ಇಟ್ಟ ಬೋಗುಣಿಯಲ್ಲಿ, ಬಾಟಲಿಗೆಂದೇ ಇಟ್ಟ ಬ್ರಷ್ಷಿನಿಂದ ತೊಳೆಯಿರಿ. ಸಿಂಕಿನ ತಳಕ್ಕೆ ಏನೇನು ತಾಗಿರುತ್ತದೋ. ಬಟ್ಟೆಯಿಂದ ಒರೆಸದೆ ಗಾಳಿಗೆ ಒಣಗಿಸಿ. 2 ತಿಂಗಳೊಳಗಿನ ಕೂಸಿನ ಬಾಟಲಿಯನ್ನು ದಿನಕ್ಕೊಮ್ಮೆ 5 ನಿಮಿಷ ಕುದಿಸಿ. ಡೈಪರ್ ಬದಲಿಸುವ ಕಡೆಯ ಸಿಂಕು ಬೇರೆ, ಹಾಲಿನ ಸಿಂಕು ಬೇರೆ. ಕೈಗೆ ಸಾಬೂನು 20 ಸೆಕೆಂಡು.

ಗಟ್ಟಿ ಆಹಾರ ಸುಮಾರು 6 ತಿಂಗಳಿಗೆ. ತಿಂಗಳಿಗಿಂತ ಲಕ್ಷಣ ನೋಡಿ: ಆಸರೆ ಕೊಟ್ಟರೆ ಕೂರುತ್ತದೆಯೇ, ಕುತ್ತಿಗೆ ನಿಂತಿದೆಯೇ, ಇಟ್ಟ ಚಮಚವನ್ನು ನಾಲಿಗೆ ಹೊರದೂಡುವುದು ನಿಂತಿದೆಯೇ, ತಿನ್ನುವವರ ಬಾಯಿ ನೋಡಿ ಕೈ ಚಾಚುತ್ತದೆಯೇ. ಶುರುಮಾಡುವುದು ಮನೆಯಲ್ಲಿ, ಮುಂದುವರಿಸುವುದು ಡೇ ಕೇರಿನಲ್ಲಿ. ಮನೆಯವರು ಇನ್ನೂ ಕೊಡದ ಯಾವ ತಿನಿಸನ್ನೂ ಮೊದಲ ಸಲ ಇಲ್ಲಿ ಕೊಡಬಾರದು. ಆ ವಯಸ್ಸಿಗೆ ಕಬ್ಬಿಣದ ಅಂಶ ಬೇಕೇಬೇಕು, ಹುಟ್ಟುವಾಗ ತಂದ ದಾಸ್ತಾನು ಅಷ್ಟೊತ್ತಿಗೆ ತಳ ಮುಟ್ಟಿರುತ್ತದೆ. ತಿನ್ನಿಸುವಾಗ ಡಬ್ಬಿಯಿಂದ ನೇರ ಚಮಚ ಹಾಕದೆ ಬೇಕಾದಷ್ಟನ್ನು ಬಟ್ಟಲಿಗೆ ತೆಗೆದುಕೊಳ್ಳಿ. ಜೊಲ್ಲು ತಾಗಿದ ಚಮಚ ಮರಳಿ ಡಬ್ಬಿಗೆ ಹೋದರೆ ಇಡೀ ಡಬ್ಬಿ ಕೆಡುತ್ತದೆ. ಬಟ್ಟಲಲ್ಲಿ ಉಳಿದದ್ದು ಕಸಕ್ಕೆ.

ವರ್ಷ ತುಂಬುವವರೆಗೆ ಜೇನು ಬೇಡ, ನಿಪ್ಪಲ್ಲಿಗೆ ಸವರುವಷ್ಟೂ ಬೇಡ, ಬೇಯಿಸಿದ್ದರಲ್ಲೂ ಬೇಡ. ಅದರಲ್ಲಿರಬಹುದಾದ ಬಾಟುಲಿಸಂ ಬ್ಯಾಕ್ಟೀರಿಯಾದ ಬೀಜಕಣಗಳು ಅಡುಗೆಯ ಶಾಖಕ್ಕೆ ಸಾಯುವುದಿಲ್ಲ. ಎಳೆಯ ಕರುಳಲ್ಲಿ ಮೊಳೆತು ವಿಷ ಮಾಡುತ್ತವೆ. ಮಲಬದ್ಧತೆ, ಸಣ್ಣಗಾದ ಅಳು, ಸೋತ ಹೀರುವಿಕೆ, ಜೋಲುವ ರೆಪ್ಪೆ ಅದರ ಲಕ್ಷಣ. ಹಸುವಿನ ಹಾಲನ್ನು ಮುಖ್ಯ ಪಾನೀಯವಾಗಿ ಕೊಡುವುದು, ಹಣ್ಣಿನ ರಸ ಎರಡೂ ವರ್ಷದ ಆಚೆಗೆ. 6 ತಿಂಗಳೊಳಗೆ ಬೇರೆ ನೀರೂ ಬೇಕಿಲ್ಲ.

ಈಗ ಗಂಟಲಿನ ವಿಷಯ. ಮುಂಬಾಯಿಯ ಹಲ್ಲು ಕಚ್ಚುತ್ತದೆ, ದವಡೆ ಹಲ್ಲು ಅರೆಯುತ್ತದೆ. ಮುಂಬಾಯಿಯವು 6ರಿಂದ 12 ತಿಂಗಳಲ್ಲಿ ಬರುತ್ತವೆ. ಮೊದಲ ದವಡೆ ಹಲ್ಲು ಸಾಮಾನ್ಯವಾಗಿ 13ರಿಂದ 19 ತಿಂಗಳಿಗೆ, ಹಿಂದಿನದು 2 ವರ್ಷದ ಆಸುಪಾಸಿಗೆ. ಅಂದರೆ ಮಗುವೊಂದು ತಾನು ಅರೆಯಲಾರದ್ದನ್ನು ಕಚ್ಚಿ ತುಂಡು ಮಾಡಬಲ್ಲ ಕಾಲವೊಂದು ಇದೆ. ಹಸಿ ಸೇಬಿನ ಹೋಳು ಆ ಕಾಲದ ಶತ್ರು: ಕಚ್ಚಿದರೆ ಟಕ್ಕನೆ ಮುರಿಯುತ್ತದೆ, ಒಸಡಿಗೆ ಮಣಿಯುವುದಿಲ್ಲ, ಜಾರಿ ಹಿಂದಕ್ಕೆ ಹೋಗುತ್ತದೆ. ಬೇಯಿಸಿ ಕೊಡಿ, ಇಲ್ಲವೇ ತುರಿದು.

ದ್ರಾಕ್ಷಿಯನ್ನು ಬೆರಳಲ್ಲಿ ಹಿಡಿದು ನೋಡಿ. ನುಣುಪು, ಉರುಟು, ಒತ್ತಿದರೆ ಚೂರು ಅಮುಕಿ ಮತ್ತೆ ಉಬ್ಬುತ್ತದೆ. ಎಳೆಯ ಮಗುವಿನ ಶ್ವಾಸನಾಳ ಅದರ ಕಿರುಬೆರಳಿನಷ್ಟೇ ದಪ್ಪ. ಇಂಥ ಹಣ್ಣು ಅದರ ಬಾಯಿಗೆ ಬಿರಡೆಯಂತೆ ಕೂರುತ್ತದೆ, ಸುತ್ತ ಎಳೆಯಷ್ಟೂ ಗಾಳಿ ನುಸುಳದು. ಅಡ್ಡಲಾಗಿ ಎರಡು ಹೋಳು ಮಾಡಿದರೂ ಪ್ರಯೋಜನವಿಲ್ಲ, ದುಂಡಗಿನ ಸುತ್ತಳತೆ ಹಾಗೇ ಉಳಿಯುತ್ತದೆ. ತೊಟ್ಟಿನಿಂದ ತುದಿಗೆ ಉದ್ದಕ್ಕೆ ಸೀಳಬೇಕು, ಮತ್ತೆ ಉದ್ದಕ್ಕೆ, ನಾಲ್ಕು ಸೀಳು. ಸಾಸೇಜಿನಂಥ ಕೊಳವೆಯಾಕಾರದ್ದಕ್ಕೆಲ್ಲ ಇದೇ ಕ್ರಮ. ಕ್ಯಾರೆಟ್ಟಿನ ದುಂಡು ಬಿಲ್ಲೆಯೂ ಅಷ್ಟೇ ಅಪಾಯ. ಮೆತ್ತಗೆ ಬೆಂದಿದೆಯೇ ಎಂದು ನೋಡಲು ಹೆಬ್ಬೆರಳು ತೋರುಬೆರಳ ನಡುವೆ ಅಮುಕಿ. ಹಿಸುಕಿ ಹೋದರೆ ಒಸಡಿಗೂ ಹಿಸುಕುತ್ತದೆ. ವರ್ಷದೊಳಗಿನವರಿಗೆ ತುಂಡು 6 ಮಿ.ಮೀ. ಮೀರಬಾರದು, ಅದರ ಮೇಲಿನವರಿಗೆ 1.25 ಸೆಂ.ಮೀ. ಇಡಿ ಬೀಜಗಳು, ಪಾಪ್‌ಕಾರ್ನ್, ಗಟ್ಟಿ ಮಿಠಾಯಿ 4 ವರ್ಷದವರೆಗೆ ಆ ಕೋಣೆಯೊಳಗೇ ಬರಬಾರದು. ಬೀಜದ ಬೆಣ್ಣೆಯನ್ನು ಚಮಚದಲ್ಲಿ ಮುದ್ದೆಯಾಗಿ ಕೊಟ್ಟರೆ ಅಂಟಿಕೊಳ್ಳುತ್ತದೆ, ತೆಳುವಾಗಿ ಸವರಿ. ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕಡೆ ಇರುವಲ್ಲಿ ದೊಡ್ಡವರ ತಟ್ಟೆಯಿಂದ ಬಿದ್ದದ್ದು ತೆವಳುವವರ ಕೈಗೆ ಸಿಗುತ್ತದೆ. ಊಟವಾದ ಕೂಡಲೇ ಮೇಜಿನ ಕೆಳಗೆ ಗುಡಿಸಿ ಆಮೇಲೆ ಚಿಕ್ಕವರನ್ನು ಬಿಡಿ.

ಭಂಗಿಯೂ ಮುಖ್ಯ. ಬೆನ್ನು ನೆಟ್ಟಗೆ, ಪಟ್ಟಿ ಬಿಗಿದು, ಪಾದಕ್ಕೆ ಆಸರೆ. ಕಾಲು ನೇತಾಡುತ್ತಿದ್ದರೆ ಮೈ ಜಾರುತ್ತದೆ, ಜಾರಿದ ಮೈಯಲ್ಲಿ ನುಂಗುವುದು ಕಷ್ಟ. ನಡೆಯುತ್ತ, ಓಡುತ್ತ, ಮಲಗಿ ತಿನ್ನುವುದಿಲ್ಲ. ಅಳುವ ಬಾಯಿ ತೆರೆದಿದೆಯೆಂದು ಚಮಚ ತೂರಿಸುವುದೂ ಇಲ್ಲ, ಅಳುವಾಗ ಮಗು ಉಸಿರನ್ನು ಜಗ್ಗಿ ಒಳಗೆಳೆಯುತ್ತದೆ. ದೊಡ್ಡವರು ಎದುರಿಗೆ ಕೂರಬೇಕು. ಬೆನ್ನ ಹಿಂದೆ ನಿಂತವರಿಗೆ ಗಂಟಲು ಕಟ್ಟಿದ್ದು ಕೇಳಿಸುವುದಿಲ್ಲ, ಯಾಕೆಂದರೆ ಕೇಳಲು ಸದ್ದೇ ಇರುವುದಿಲ್ಲ.

ಓಕರಿಕೆಗೂ ಉಸಿರುಗಟ್ಟುವುದಕ್ಕೂ ಇರುವ ವ್ಯತ್ಯಾಸ ಅದೇ. ಓಕರಿಸುವ ಮಗು ಕೆಂಪಾಗುತ್ತದೆ, ಕಣ್ಣಲ್ಲಿ ನೀರು, ನಾಲಿಗೆ ಹೊರಗೆ, ಸದ್ದು ಮಾಡುತ್ತದೆ, ಕೆಮ್ಮುತ್ತದೆ. ಹೊಸದಾಗಿ ತಿನ್ನಲು ಕಲಿಯುವವರಲ್ಲಿ ಇದು ದಿನದ ಮಾತು. ನೆತ್ತಿಗೇರಿ ಕೆಮ್ಮುತ್ತಿರುವ ಮಗುವನ್ನೂ ಕೆಮ್ಮಲು ಬಿಡಿ. ಬಾಯಿಗೆ ಬೆರಳು ಹಾಕಿದರೆ ಸಿಕ್ಕಿಕೊಳ್ಳದಿದ್ದದ್ದೂ ಒಳಕ್ಕೆ ಸರಿದು ಸಿಕ್ಕಿಕೊಳ್ಳುತ್ತದೆ. ಉಸಿರುಗಟ್ಟಿದ ಮಗುವಿಗೆ ಅಳು ಬರದು, ಕೆಮ್ಮು ಬರದು, ತುಟಿ ನೀಲಿಗಟ್ಟುತ್ತದೆ. ವರ್ಷದೊಳಗಿನದಾದರೆ ಮುಂದೋಳಿನ ಮೇಲೆ ಬೋರಲು ಹಾಕಿ, ದವಡೆಗೆ ಆಸರೆ ಕೊಟ್ಟು, ತಲೆ ಎದೆಗಿಂತ ಕೆಳಗಿರುವಂತೆ ಹಿಡಿದು, ಎರಡು ಹೆಗಲಮೂಳೆಗಳ ನಡುವೆ ಅಂಗೈ ಬುಡದಿಂದ 5 ಏಟು. ಹೋಗದಿದ್ದರೆ ಅಂಗಾತ ತಿರುಗಿಸಿ ಎದೆಮೂಳೆಯ ಕೆಳಭಾಗದಲ್ಲಿ 5 ಒತ್ತು. ಹೊರಬರುವವರೆಗೆ ಇದೇ ಸರದಿ. ಇಷ್ಟು ಎಳೆಯವರಿಗೆ ಹೊಟ್ಟೆ ಒತ್ತಬಾರದು, ಯಕೃತ್ತಿಗೆ ಪೆಟ್ಟಾಗುತ್ತದೆ. ವರ್ಷ ದಾಟಿದವರಿಗೆ ಬೆನ್ನಿಗೆ 5 ಏಟು, ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಒಳಕ್ಕೂ ಮೇಲಕ್ಕೂ 5 ಒತ್ತು. ಒಬ್ಬರು ಇದನ್ನು ಮಾಡುವಾಗ ಇನ್ನೊಬ್ಬರು ತುರ್ತು ಸೇವೆಗೆ ಕರೆ ಮಾಡಿರಬೇಕು. ಮಗು ಪ್ರಜ್ಞೆ ತಪ್ಪಿದರೆ ಸಿಪಿಆರ್, ಅಂದರೆ ಎದೆ ಒತ್ತಿ ಬಾಯಿಂದ ಉಸಿರು ಕೊಡುವುದು. ಓದಿ ಕಲಿತದ್ದು ಆ ಹೊತ್ತಿಗೆ ಕೈಗೆ ಬರುವುದಿಲ್ಲ. ತರಬೇತಿಯಲ್ಲಿ ಬೊಂಬೆಯ ಮೇಲೆ ಹೊಡೆದು ಒತ್ತಿ ಅಭ್ಯಾಸ ಮಾಡಿದವರು ಪ್ರತಿ ಊಟದ ಹೊತ್ತಿನಲ್ಲೂ ಕೋಣೆಯಲ್ಲಿರಬೇಕು.

ಅಲರ್ಜಿಯಲ್ಲಿ ಚಿತ್ರ ಬದಲಾಗಿದೆ. ಮೊದಲು ತಡಮಾಡಿ ಕೊಡಿ ಎನ್ನುತ್ತಿದ್ದರು. 2015ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು, ಅಲರ್ಜಿಯ ಸಾಧ್ಯತೆ ಹೆಚ್ಚಿದ್ದ 4ರಿಂದ 11 ತಿಂಗಳ 640 ಮಕ್ಕಳನ್ನು ತೆಗೆದುಕೊಂಡು, ಬೇಗ ಕಡಲೆಕಾಯಿ ತಿನಿಸಿದವರಲ್ಲಿ ಆ ಅಲರ್ಜಿ ಸುಮಾರು ಶೇ. 80ರಷ್ಟು ಕಡಿಮೆಯಾದದ್ದನ್ನು ತೋರಿಸಿತು. ಅದೆಲ್ಲ ಮನೆಯಲ್ಲಿ, ವೈದ್ಯರ ಸಲಹೆಯೊಂದಿಗೆ. ಡೇ ಕೇರಿನ ಕೆಲಸ ಬೇರೆ: ಯಾರಿಗೆ ಏನಾಗದು ಎಂಬುದು ಮಗುವಿನ ಫೋಟೋ ಸಮೇತ ಅಡುಗೆ ಮಾಡುವಲ್ಲೂ ತಿನ್ನುವಲ್ಲೂ ಇರಬೇಕು, ಆ ದಿನಕ್ಕೆ ಬದಲಿಯಾಗಿ ಬಂದವರ ಕಣ್ಣಿಗೂ ಬೀಳಬೇಕು. ಕೈಗೆ ಸ್ಯಾನಿಟೈಸರ್ ಹಚ್ಚಿದರೆ ಕ್ರಿಮಿ ಸಾಯುತ್ತದೆ, ಅಲರ್ಜಿ ತರುವ ಪ್ರೋಟೀನು ಕೈಮೇಲೇ ಇರುತ್ತದೆ. ಅದಕ್ಕೆ ಸಾಬೂನು ನೀರೇ ಬೇಕು. ಒಂದೇ ಬಟ್ಟೆಯಲ್ಲಿ ನಾಲ್ಕು ಬಾಯಿ ಒರೆಸುವುದೂ ಅಷ್ಟೇ ಅಪಾಯ. ಮಾತು ಬಾರದ ಮಗು ಗಂಟಲು ಕಟ್ಟುತ್ತಿದೆ ಎಂದು ಹೇಳುವುದಿಲ್ಲ. ಕಿವಿ ಕೆರೆದುಕೊಳ್ಳುತ್ತದೆ, ನಾಲಿಗೆ ಉಜ್ಜಿಕೊಳ್ಳುತ್ತದೆ, ದನಿ ಗೊಗ್ಗರಾಗುತ್ತದೆ, ಮೇಲಿಂದ ಮೇಲೆ ವಾಂತಿ ಮಾಡುತ್ತದೆ, ಇದ್ದಕ್ಕಿದ್ದಂತೆ ಜೋಲುಬೀಳುತ್ತದೆ. ಉಸಿರಾಟಕ್ಕೆ ತೊಂದರೆಯಾದರೆ, ಜೋಲುಬಿದ್ದರೆ ಕಾಯದೆ ವೈದ್ಯರು ಬರೆದುಕೊಟ್ಟ ಅಡ್ರಿನಲಿನ್ ಪೆನ್ನನ್ನು (ಪೆನ್ನಿನಾಕಾರದ ಚುಚ್ಚುಮದ್ದು) ತೊಡೆಯ ಹೊರಬದಿಗೆ ಚುಚ್ಚಬೇಕು, ಮಲಗಿಸಬೇಕು (ಮಲಗಿದರೆ ಉಸಿರಾಟ ಕಷ್ಟವಾಗುವುದಾದರೆ ಕೂರಿಸಬಹುದು), ತುರ್ತು ಸೇವೆ ಕರೆಯಬೇಕು. ತುರಿಕೆಯ ಸಿರಪ್ಪು ಅದರ ಬದಲಿಯಲ್ಲ. ಪೆನ್ನು ಬೀಗ ಹಾಕಿದ ಕಪಾಟಿನಲ್ಲಿದ್ದು ಬೀಗದ ಕೈ ರಜೆಯಲ್ಲಿರುವವರ ಬಳಿ ಇದ್ದರೆ ಪೆನ್ನು ಇಲ್ಲವೆಂದೇ ಲೆಕ್ಕ.

ವರ್ಷ ದಾಟಿದ ಮಕ್ಕಳ ಮೇಜಿನಲ್ಲಿ ಭಯ ಕಡಿಮೆ, ಜಗಳ ಜಾಸ್ತಿ. ಮೊದಲ ವರ್ಷದಲ್ಲಿ ಹುಟ್ಟಿದಾಗಿನ ತೂಕದ ಮೂರರಷ್ಟಾಗುವ ಮಗು ಎರಡನೆಯ ವರ್ಷದಲ್ಲಿ ಸುಮಾರು 2.5 ಕಿಲೋ ಮಾತ್ರ ಏರುತ್ತದೆ. ಹಸಿವು ಇಳಿಯುವುದು ಅದಕ್ಕೇ, ಕಾಯಿಲೆಯಿಂದಲ್ಲ. ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರ ಪಾಲು. ತಿನ್ನುವುದೋ ಬಿಡುವುದೋ, ಎಷ್ಟು ಎಂಬುದು ಮಗುವಿನ ಪಾಲು. ಎರಡು ಚಮಚದಷ್ಟು ಬಡಿಸಿ, ಕೇಳಿದರೆ ಮತ್ತೆ ಹಾಕಿ. ಹೊಸ ರುಚಿಯನ್ನು ಒಪ್ಪಿಕೊಳ್ಳಲು 8ರಿಂದ 15 ಸಲ ತಟ್ಟೆಯಲ್ಲಿ ಕಾಣಿಸಬೇಕಾಗಬಹುದು, ಅದರಲ್ಲಿ ಮೊದಲ ನಾಲ್ಕೈದು ಸಲ ಬರೀ ಹಿಸುಕಿ ನೆಲಕ್ಕೆ ಎಸೆಯುವುದರಲ್ಲೇ ಹೋಗುತ್ತದೆ. ಇದು ತಿಂದರೆ ಅದು ಕೊಡುತ್ತೇನೆ ಎಂದಿರೋ, "ಇದು" ಶಿಕ್ಷೆಯಾಯಿತು. ಹಾಲು ದಿನಕ್ಕೆ 700 ಮಿ.ಲೀ. ಮೀರಿದರೆ ಊಟಕ್ಕೆ ಜಾಗ ಉಳಿಯದೆ ರಕ್ತಹೀನತೆ ಬರುತ್ತದೆ. ಮನೆಯಲ್ಲಿ ಎಷ್ಟು, ಇಲ್ಲಿ ಎಷ್ಟು ಎಂದು ಕೂಡಿಸದಿದ್ದರೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಆ ಕೂಡಿಸುವ ಕೆಲಸ ಗೋಡೆಯ ಮೇಲಿನ ಹಾಳೆಯದು. ಹೊತ್ತು, ಏನು, ಎಷ್ಟು, ಹೇಗೆ ತಿಂದಿತು, ಯಾರು ಕೊಟ್ಟರು. "ಚೆನ್ನಾಗಿ ತಿಂದ" ಎಂದು ಬರೆದರೆ ಏನೂ ಬರೆದಂತಲ್ಲ, "90 ಮಿ.ಲೀ.ನಲ್ಲಿ 55 ಕುಡಿದು ಮುಖ ತಿರುಗಿಸಿದ" ಎಂದರೆ ಮಧ್ಯಾಹ್ನದ ಪಾಳಿಯವರಿಗೆ ಮುಂದಿನ ಹಸಿವು ಬೇಗ ಬರುತ್ತದೆಂದು ತಿಳಿಯುತ್ತದೆ. ಕುಡಿಸಿ ಮುಗಿದ ಕೂಡಲೇ ಬರೆಯಬೇಕು, ಸಂಜೆ ನೆನಪಿನಿಂದ ತುಂಬಿದ ಹಾಳೆಯಲ್ಲಿ ಎಲ್ಲ ಮಕ್ಕಳೂ ಒಂದೇ ಅಳತೆ ಕುಡಿದಿರುತ್ತಾರೆ. ಮಗು ಏನನ್ನೂ ಮುಟ್ಟದಿದ್ದರೆ ಹಾಳೆಯ ಆ ಚೌಕವನ್ನು ಖಾಲಿ ಬಿಡಬೇಡಿ. ಖಾಲಿ ಚೌಕ ನೋಡಿದವರಿಗೆ ಕೊಟ್ಟೇ ಇಲ್ಲವೋ, ಕೊಟ್ಟು ಬರೆದಿಲ್ಲವೋ, ಕೊಟ್ಟರೂ ಬೇಡವೆಂದಿತೋ ತಿಳಿಯದು. ಮುಂದಿನವರು ಮತ್ತೊಂದು ಬಾಟಲಿ ತೆರೆಯುತ್ತಾರೆ. 0 ಎಂದು ಬರೆದು, ಪಕ್ಕದಲ್ಲಿ ಹೊತ್ತು ಹಾಕಿ.